ಕೆಂಪು ಗೆರೆಯಿಂದ ಹುಟ್ಟಿದ ನಕ್ಷೆ: ಜಿ. ಎನ್. ರಾಮಚಂದ್ರನ್



ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ಬಂದ ರಾತ್ರಿ ಎಷ್ಟು ಮನೆಗಳಲ್ಲಿ ಮಕ್ಕಳು ನೆಮ್ಮದಿಯಾಗಿ ಊಟ ಮಾಡುತ್ತಾರೆ? ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ ಒಬ್ಬ ತಂದೆ ಮಗಳ ಗಣಿತದ ಪತ್ರಿಕೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಹುಡುಗಿ ಲೆಕ್ಕವನ್ನು ಹಂತ ಹಂತವಾಗಿ ಚೆನ್ನಾಗಿಯೇ ಮಾಡಿದ್ದಳು. ಕೊನೆಗೆ ಒಂದು ಕಡೆ ಜಾರಿದ್ದಳು, ಅಲ್ಲಿ ಕೆಂಪು ಗೆರೆ ಬಿದ್ದಿತ್ತು. ಗೆರೆ ಯಾವ ಹಂತದಲ್ಲಿ ಬಿತ್ತು ಎಂದು ತಂದೆ ಕೇಳಲಿಲ್ಲ, ಎಷ್ಟು ಅಂಕ ಹೋಯಿತು ಎಂದಷ್ಟೇ ಕೇಳಿದರು. ಮಗಳು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಅವತ್ತು ಸಮಾಧಾನದ ನಾಲ್ಕು ಮಾತು ಹೇಳಿ ಕಳಿಸಿದೆ. ಹೇಳಬೇಕಾಗಿದ್ದ ಒಬ್ಬರ ಕಥೆ ಆಗ ನೆನಪಿಗೆ ಬರಲಿಲ್ಲ. ಅದನ್ನು ಇವತ್ತು ನಿಮಗೆ ಹೇಳುತ್ತೇನೆ. ಅವರ ಕೆಲಸದ ಮೇಲೂ ಒಂದು ಕೆಂಪು ಗೆರೆ ಬಿದ್ದಿತ್ತು, ಅದೂ ಜಗತ್ತಿನ ವಿಜ್ಞಾನಿಗಳೆಲ್ಲ ನೋಡುತ್ತಿರುವಾಗ.

ಅದಕ್ಕೆ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿಬರೋಣ. ಚಕ್ಕುಲಿ ಒರಳಿನಿಂದ ಹಿಟ್ಟು ಎಳೆಯಾಗಿ ಇಳಿಯುವುದನ್ನು ನೋಡಿದ್ದೀರಿ. ಒರಳಿನ ಒಳಗೆ ಇನ್ನೂ ಹಿಟ್ಟು ಇರುವಾಗಲೇ ಹೊರಗೆ ಬಂದ ಎಳೆ ಸುತ್ತಿ ಸುತ್ತಿ ಆಕಾರ ಪಡೆಯುತ್ತದೆ. ತಮಿಳಿನಲ್ಲಿ ಚಕ್ಕುಲಿಗೆ ಮುರುಕ್ಕು ಎನ್ನುತ್ತಾರೆ, ಆ ಮಾತಿಗೆ ತಿರುಚುವುದು ಎಂಬ ಅರ್ಥವೂ ಇದೆ. ನಮ್ಮ ಮೈಯ ಜೀವಕೋಶಗಳಲ್ಲೂ ಹೆಚ್ಚುಕಡಿಮೆ ಇದೇ ಕೆಲಸ ಹಗಲು ರಾತ್ರಿ ನಡೆಯುತ್ತದೆ. ಅಲ್ಲಿ ಒರಳಿನ ಜಾಗದಲ್ಲಿ ರೈಬೋಸೋಮ್ ಇದೆ, ಎಳೆಯ ಜಾಗದಲ್ಲಿ ಪ್ರೋಟೀನ್. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿ ಪೋಣಿಸಿದಂತೆ ಒಂದೊಂದಾಗಿ ಸೇರಿಸಿ ರೈಬೋಸೋಮ್ ಎಳೆ ತೆಗೆಯುತ್ತದೆ. ಎಳೆ ಹೊರಗೆ ಬರುತ್ತಿದ್ದಂತೆ ಮಡಚಿಕೊಳ್ಳಲು ಶುರುಮಾಡುತ್ತದೆ. ಸರಿಯಾಗಿ ಮಡಚಿಕೊಂಡರೆ ಮಾತ್ರ ಅದು ರಕ್ತದಲ್ಲಿ ಆಮ್ಲಜನಕ ಹೊರುತ್ತದೆ, ಅನ್ನ ಜೀರ್ಣಿಸುತ್ತದೆ, ಮೂಳೆಗೆ ಬಲ ಕೊಡುತ್ತದೆ.

ಒಂದು ವ್ಯತ್ಯಾಸ ಉಂಟು. ಚಕ್ಕುಲಿ ಸುತ್ತಲು ನಿಮ್ಮ ಕೈ ಇದೆ. ಜೀವಕೋಶದಲ್ಲಿ ಸುತ್ತುವ ಕೈ ಇಲ್ಲ. ಹಾಗಿದ್ದರೆ ಎಳೆ ಎಲ್ಲಿ ತಿರುಗಬಹುದು, ಎಲ್ಲಿ ತಿರುಗಕೂಡದು ಎಂಬುದನ್ನು ತೀರ್ಮಾನಿಸುವುದು ಯಾವುದು? ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರವನ್ನು ಮದ್ರಾಸಿನಲ್ಲಿ ಕುಳಿತು ಕೊಟ್ಟವರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ಮನೆಮಾತು ತಮಿಳು, ಸುತ್ತಲಿನ ಊರಿನ ಮಾತು ಮಲಯಾಳಂ. ಗಡಿಯಲ್ಲಿ ಬದುಕುವ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಗಣಿತದ ರುಚಿ ಹತ್ತಿದ್ದು ಮನೆಯಲ್ಲೇ. ಮುಂದೆ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದಿ, 1942ರಲ್ಲಿ ಬೆಂಗಳೂರಿಗೆ ಬಂದರು. ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿದ್ದವರು ಸಿ. ವಿ. ರಾಮನ್. ಹುಡುಗನ ಬುದ್ಧಿಯನ್ನು ಕಂಡು ಅವರು ಅವನನ್ನು ತಮ್ಮ ವಿಭಾಗಕ್ಕೇ ಸೇರಿಸಿಕೊಂಡರು. ಹೀಗೆ ಎಂಜಿನಿಯರ್ ಆಗಬೇಕಿದ್ದವರು ಹರಳುಗಳ ಮೇಲೆ ಬೆಳಕನ್ನೂ ಕ್ಷ-ಕಿರಣಗಳನ್ನೂ ಹಾಯಿಸಿ ಒಳರಚನೆ ತಿಳಿಯುವ ವಿದ್ಯೆಗೆ ಇಳಿದರು. 1947ರಿಂದ 1949ರವರೆಗೆ ಕೇಂಬ್ರಿಜ್‌ನಲ್ಲಿ ಓದಿ, ಅಲ್ಲಿಯೂ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿದರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಬೇಕಾಗಿತ್ತು. ರಾಮನ್ ಅವರು ತಮ್ಮ ಶಿಷ್ಯನ ಹೆಸರು ಸೂಚಿಸಿದರು. ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಬೆನ್ನಿಗೆ ನಿಂತರು. ರಾಮಚಂದ್ರನ್ 30ರ ಆಸುಪಾಸಿನಲ್ಲೇ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ವಿಭಾಗ ಹೊಸದು, ಕೈ ಹಾಕಲು ದೊಡ್ಡ ಸಮಸ್ಯೆಯೊಂದು ಬೇಕಿತ್ತು. ಆ ದಿನಗಳಲ್ಲಿ ಮದ್ರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಸರಿಯಾಗಿ ತಿಳಿದಿಲ್ಲ ಎಂಬುದರ ಕಡೆ ಅವರ ಗಮನ ಸೆಳೆದರು.

ಕೊಲಾಜೆನ್ ಎಂದರೆ ದೂರದ ವಸ್ತುವಲ್ಲ. ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಎಲ್ಲದರಲ್ಲೂ ಅದೇ. ನಮ್ಮ ಮೈಯ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗ ಅದೊಂದೇ. ಕಾಲು ಸೂಪು ಮಾಡುವ ಮನೆಯವರಿಗೆ ಗೊತ್ತಿರುತ್ತದೆ, ಸೂಪು ಆರಿದಾಗ ಅಂಟಾಗಿ ಗಟ್ಟಿಯಾಗುತ್ತದೆ. ಕೊಲಾಜೆನ್ ಬೆಂದು ಬಿಚ್ಚಿಕೊಂಡು ಹಾಗಾಗುವುದು. ಚರ್ಮ ಹದಮಾಡುವ ಕಸುಬಿಗೆ ಬೇಕಾದ ವಿಷಯವಾದ್ದರಿಂದ ಮದ್ರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಕೊಲಾಜೆನ್ ಸುಲಭವಾಗಿ ಸಿಗುತ್ತಿತ್ತು. ರಾಮಚಂದ್ರನ್ ಅಲ್ಲಿಂದ ಮಾದರಿಗಳನ್ನು ತರಿಸಿಕೊಂಡು, ಗೋಪಿನಾಥ್ ಕರ್ತಾ ಎಂಬ ಸಹೋದ್ಯೋಗಿಯ ಜೊತೆ ಕ್ಷ-ಕಿರಣ ಚಿತ್ರ ತೆಗೆದು, ಲೆಕ್ಕ ಹಾಕುತ್ತಾ ಕುಳಿತರು.

ಒಂದು ಸುಳಿವು ಮೊದಲೇ ಇತ್ತು. ಕೊಲಾಜೆನ್‌ನ ಅಮೈನೋ ಆಮ್ಲಗಳಲ್ಲಿ ಮೂರರಲ್ಲಿ ಒಂದು ಗ್ಲೈಸಿನ್, ಅಂದರೆ ಇಪ್ಪತ್ತರಲ್ಲೂ ಅತಿ ಚಿಕ್ಕದು. ಅದು ಸರದಲ್ಲಿ ತಪ್ಪದೆ ಪ್ರತಿ ಮೂರನೆಯ ಜಾಗದಲ್ಲೇ ಕೂತಿದೆ ಎಂದು ರಾಮಚಂದ್ರನ್ ಊಹಿಸಿದರು. ಹಾಗಾದರೆ ಮೂರು ಎಳೆಗಳು ಒಂದಕ್ಕೊಂದು ಹುರಿಯಂತೆ ಹೆಣೆದುಕೊಂಡು, ಇಕ್ಕಟ್ಟಾದ ನಡುಭಾಗದಲ್ಲಿ ಈ ಚಿಕ್ಕ ಮಣಿಯೇ ಬರುವಂತೆ ಕೂಡಬಹುದು. ದೊಡ್ಡ ಮಣಿಗೆ ಅಲ್ಲಿ ಜಾಗವೇ ಇಲ್ಲ. 1954ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 1955ರಲ್ಲಿ ಅದನ್ನೇ ತಿದ್ದಿ, ಮೂರೆಳೆಯ ಹುರಿಗೆ ಇನ್ನೊಂದು ಸುತ್ತು ಕೊಟ್ಟು, ಮತ್ತೆ ಪ್ರಕಟಿಸಿದರು.

ಕೆಂಪು ಗೆರೆ ಬಿದ್ದದ್ದು ಆಗ. ಡಿ.ಎನ್.ಎ. ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್, ಕೇಂಬ್ರಿಜ್‌ನಿಂದ ಅದೇ ವರ್ಷ ಆಕ್ಷೇಪ ತೆಗೆದರು. ಮೂರೆಳೆಯ ಹುರಿ ಎಂಬುದು ಸರಿ. ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದಿವೆ. ಎಳೆಗಳ ನಡುವೆ ಮೂರು ಮಣಿಗೆ ಎರಡು ಹೈಡ್ರೋಜನ್ ಬಂಧ ಎಂದು ಬರೆದದ್ದು ಹೆಚ್ಚಾಯಿತು, ಒಂದೇ ಇರಲು ಸಾಧ್ಯ. ಇದು ಅವರ ವಾದ. ಮುಂದಿನ ವರ್ಷಗಳ ಪ್ರಯೋಗಗಳು ಬಂಧದ ಎಣಿಕೆಯಲ್ಲಿ ಕೇಂಬ್ರಿಜ್‌ನವರ ಕಡೆಗೇ ವಾಲಿದವು. ಮೂರೆಳೆಯ ಹುರಿ, ಮೂರಕ್ಕೊಂದು ಗ್ಲೈಸಿನ್ ಎಂಬ ಮೂಲ ವಿಚಾರ ಮಾತ್ರ ಅಲುಗದೆ ನಿಂತಿತು.

ಹೊಸದಾಗಿ ಸ್ವತಂತ್ರವಾದ ದೇಶ, ಹೊಸ ವಿಭಾಗ, ಎದುರಿಗೆ ಕೇಂಬ್ರಿಜ್. ಇಂಥ ಜಾಗದಲ್ಲಿ ಯಾರಿಗಾದರೂ ಕೋಪ ಬರಬಹುದು, ಇಲ್ಲವೇ ಕೈಚೆಲ್ಲಿ ಕೂರಬಹುದು. ರಾಮಚಂದ್ರನ್ ತಮ್ಮ ಮಾದರಿಯನ್ನು ಸುಲಭಕ್ಕೆ ಬಿಟ್ಟುಕೊಟ್ಟವರಲ್ಲ. ಆದರೆ ಅವರು ಕೆಂಪು ಗೆರೆ ಬಿದ್ದ ಜಾಗವನ್ನೇ ದಿಟ್ಟಿಸಿ ನೋಡಿದರು. ತೀರಾ ಹತ್ತಿರ ಎನ್ನುತ್ತಾರಲ್ಲ, ಎಷ್ಟು ಹತ್ತಿರ ಬಂದರೆ ತೀರಾ ಹತ್ತಿರ? ಇದಕ್ಕೆ ಎಲ್ಲರೂ ಒಪ್ಪುವ ಅಳತೆ ಆಗ ಇರಲಿಲ್ಲ. ಹಾಗಾಗಿ ತಾವೇ ಅಳತೆ ಹುಡುಕಲು ಹೊರಟರು. ವಿ. ಶಶಿಶೇಖರನ್ ಎಂಬ ಶಿಷ್ಯರ ಜೊತೆ, ಅಷ್ಟರವರೆಗೆ ರಚನೆ ತಿಳಿದಿದ್ದ ಸಣ್ಣ ಹರಳುಗಳ ಅಂಕಿಅಂಶ ತೆಗೆದು, ಯಾವ ಪರಮಾಣು ಯಾವುದಕ್ಕೆ ಎಷ್ಟು ಸಮೀಪ ಬಂದಿದೆ ಎಂದು ಪಟ್ಟಿ ಮಾಡಿದರು. ಆಮೇಲೆ ಸಿ. ರಾಮಕೃಷ್ಣನ್ ಎಂಬ ಇನ್ನೊಬ್ಬ ಶಿಷ್ಯರು ಮೇಜಿನ ಮೇಲಿನ ಲೆಕ್ಕದ ಯಂತ್ರ ಹಿಡಿದು ಕೋನ ಕೋನಕ್ಕೂ ಲೆಕ್ಕ ಮಾಡಿದರು. ಇದಕ್ಕೆ ವರ್ಷಗಳೇ ಹಿಡಿದವು.

ಅವರು ಮಾಡಿದ್ದು ಏನು ಎಂಬುದನ್ನು ನೀವು ಮನೆಯಲ್ಲೇ ನೋಡಬಹುದು. ಹಳೆಯ ಪೋಸ್ಟ್ ಕಾರ್ಡುಗಳನ್ನೋ ದಪ್ಪ ರಟ್ಟಿನ ತುಂಡುಗಳನ್ನೋ ಮೂಲೆಗೆ ಮೂಲೆ ದಾರದಿಂದ ಕಟ್ಟಿ ಮಾಲೆ ಮಾಡಿ. ಪ್ರೋಟೀನಿನ ಎಳೆ ಹೀಗೆಯೇ ಇದೆ. ಕಾರ್ಡು ಚಪ್ಪಟೆ, ಅದು ತಿರುಚುವುದಿಲ್ಲ. ತಿರುಗುವುದೆಲ್ಲ ಗಂಟಿನಲ್ಲಿ. ಒಂದೊಂದು ಗಂಟಿನಲ್ಲಿ ಎರಡು ತಿರುವು: ಎಡಗಡೆಯ ಕಾರ್ಡಿಗೆ ಒಂದು, ಬಲಗಡೆಯದಕ್ಕೆ ಒಂದು. ಆ ಎರಡು ಕೋನಗಳಿಗೆ ವಿಜ್ಞಾನಿಗಳು ಫೈ, ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರಿಟ್ಟಿದ್ದಾರೆ. ಈಗ ಕಾರ್ಡುಗಳ ಅಂಚಿಗೆ ಹುಣಸೆಬೀಜ ಅಂಟಿಸಿ, ಅವೇ ಪರಮಾಣುಗಳು ಎಂದುಕೊಳ್ಳಿ. ಕಾರ್ಡುಗಳನ್ನು ತಿರುಗಿಸಿ ನೋಡಿ. ಕೆಲವು ಕಡೆ ಸಲೀಸಾಗಿ ತಿರುಗುತ್ತವೆ. ಬಹಳಷ್ಟು ಕಡೆ ಬೀಜಕ್ಕೆ ಬೀಜ ತಾಗುತ್ತದೆ, ಮುಂದೆ ಹೋಗದು.

ರಾಮಚಂದ್ರನ್ ತಂಡ ಮಾಡಿದ್ದು ಇದನ್ನೇ, ನಿಖರವಾದ ಅಳತೆಯಲ್ಲಿ. ಚೌಕುಳಿ ಕಾಗದದ ಮೇಲೆ ಅಡ್ಡಕ್ಕೆ ಒಂದು ಕೋನ, ಉದ್ದಕ್ಕೆ ಇನ್ನೊಂದು ಕೋನ ಇಟ್ಟು, ತಾಗದ ಜಾಗಗಳಿಗೆ ಗೆರೆ ಎಳೆದು ಗುರುತಿಸಿದರು. ಚೌಕದ ಸುಮಾರು ಮುಕ್ಕಾಲು ಭಾಗ ಪ್ರೋಟೀನಿಗೆ ನಿಷಿದ್ಧ ಎಂದು ಕಂಡಿತು. ಉಳಿದದ್ದು ನಾಲ್ಕಾರು ತುಂಡು ಜಾಗ, ಕೆರೆಯ ನಡುವಿನ ದಿಬ್ಬಗಳಂತೆ. ಅಷ್ಟರಲ್ಲಾಗಲೇ ಗೊತ್ತಿದ್ದ ಸುರುಳಿ ಆಕಾರ, ಹಾಳೆಯ ಆಕಾರ, ಕೊಲಾಜೆನ್‌ನ ಎಳೆ, ಎಲ್ಲವೂ ಆ ದಿಬ್ಬಗಳ ಮೇಲೆಯೇ ಬಿದ್ದವು. 1963ರಲ್ಲಿ ಮೂವರ ಹೆಸರಿನಲ್ಲೂ ಲೇಖನ ಪ್ರಕಟವಾಯಿತು. ಇಂದು ಜಗತ್ತಿನ ಯಾವ ಪ್ರಯೋಗಾಲಯದಲ್ಲೇ ಆಗಲಿ ಹೊಸ ಪ್ರೋಟೀನಿನ ರಚನೆ ಬಿಡಿಸಿದರೆ, ಅದು ಸರಿಯೇ ಎಂದು ನೋಡಲು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಅದರ ಹೆಸರೇ ರಾಮಚಂದ್ರನ್ ನಕ್ಷೆ. ತಮ್ಮ ತಪ್ಪನ್ನು ಅಳೆಯಲು ಮಾಡಿಕೊಂಡ ಅಳತೆಗೋಲು ಎಲ್ಲರ ತಪ್ಪನ್ನೂ ಹಿಡಿಯುವ ಅಳತೆಗೋಲಾಯಿತು.

ಈಗ ಒರಳಿನ ಪ್ರಶ್ನೆಗೆ ಮರಳೋಣ. ರೈಬೋಸೋಮಿನಲ್ಲಿ ಎಳೆ ಹೊರಬರಲು ಒಂದು ಕಿರಿದಾದ ಸುರಂಗವಿದೆ. ಮೂವತ್ತು ನಲವತ್ತು ಅಮೈನೋ ಆಮ್ಲಗಳಷ್ಟು ಉದ್ದದ ಎಳೆ ಅದರಲ್ಲಿ ಅಡಗಿರುತ್ತದೆ. ಬ್ಯಾಕ್ಟೀರಿಯಾದಲ್ಲಿ ಸೆಕೆಂಡಿಗೆ ಹದಿನೈದು ಇಪ್ಪತ್ತು, ನಮ್ಮ ಜೀವಕೋಶಗಳಲ್ಲಿ ಸುಮಾರು ಐದು ಅಮೈನೋ ಆಮ್ಲ ಸೇರುತ್ತವೆ. ಅಂದರೆ ಮುನ್ನೂರು ಮಣಿಗಳ ಎಳೆಗೆ ನಮ್ಮಲ್ಲಿ ಒಂದು ನಿಮಿಷ ಬೇಕು. ಆ ನಿಮಿಷ ಮುಗಿಯುವವರೆಗೆ ಎಳೆ ಸುಮ್ಮನೆ ಕಾಯುವುದಿಲ್ಲ. ಸುರಂಗದೊಳಗೇ ಸಣ್ಣ ಸುರುಳಿ ಕಟ್ಟಿಕೊಳ್ಳಬಲ್ಲದು. ಬಾಯಿಯಿಂದ ಈಚೆ ಬಂದ ಭಾಗ ದೊಡ್ಡ ಮಡಿಕೆಗಳಿಗೆ ಇಳಿಯುತ್ತದೆ. ಮೊದಲು ಬಂದ ಭಾಗ ಮೊದಲು ಮಡಚಿಕೊಂಡರೆ, ಹಿಂದೆ ಬರುವ ಭಾಗಕ್ಕೆ ಸಿಕ್ಕು ಕಡಿಮೆ.

ಎಳೆ ಒಂದೊಂದು ಆಕಾರವನ್ನೂ ಪರೀಕ್ಷಿಸಿ ನೋಡಲು ಹೊರಟರೆ ಏನಾದೀತು? ಗಂಟಿಗೆ ಬರೇ ಮೂರು ಆಯ್ಕೆ ಎಂದಿಟ್ಟುಕೊಂಡರೂ, ನೂರು ಗಂಟಿನ ಎಳೆಗೆ ನೂರು ಮೂರುಗಳನ್ನು ಒಂದಕ್ಕೊಂದು ಗುಣಿಸಿದಷ್ಟು ಆಕಾರಗಳಾಗುತ್ತವೆ. ಅದು 48 ಅಂಕಿಗಳ ಸಂಖ್ಯೆ. ಸೈರಸ್ ಲೆವಿಂಥಾಲ್ ಎಂಬ ವಿಜ್ಞಾನಿ 1969ರಲ್ಲಿ ಈ ಬಗೆಯ ಲೆಕ್ಕ ಮುಂದಿಟ್ಟು, ಎಳೆ ಹಾಗೆ ಹುಡುಕುತ್ತಾ ಕೂರಲಾರದು ಎಂದು ತೋರಿಸಿದರು. ಹಾದಿ ಕಿರಿದಾಗಿರಬೇಕು. ಅದನ್ನು ಕಿರಿದಾಗಿಸುವ ಮೊದಲ ಬೇಲಿಯೇ ರಾಮಚಂದ್ರನ್ ನಕ್ಷೆ. ಉಳಿದದ್ದನ್ನು ಮಣಿಗಳ ಕ್ರಮ, ಒಂದೊಂದೇ ಹೊರಬರುವ ಸರದಿ, ಮತ್ತು ಎಳೆ ಸಿಕ್ಕಾಗದಂತೆ ಆಸರೆ ಕೊಡುವ ಬೇರೆ ಪ್ರೋಟೀನುಗಳು ನೋಡಿಕೊಳ್ಳುತ್ತವೆ.

ರಾಮಚಂದ್ರನ್ ಅವರ ಕೊಲಾಜೆನ್ ಮಾತ್ರ ಇದಕ್ಕೆ ಸ್ವಲ್ಪ ಹೊರತು. ಅದರ ಮೂರು ಎಳೆಗಳು ಜೊತೆಗೂಡುವುದು ಕೊನೆಗೆ ತಯಾರಾಗುವ ತುದಿಯಲ್ಲಿ. ಅಲ್ಲಿಂದ ಜಿಪ್ ಎಳೆದಂತೆ ಹುರಿ ಹಿಂದಕ್ಕೆ ಹೆಣೆಯುತ್ತಾ ಹೋಗುತ್ತದೆ. ಆದ್ದರಿಂದ ಪೂರ್ತಿ ಎಳೆ ಬರುವ ತನಕ ಹೆಣಿಗೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಕೆಲವು ಪ್ರೋಲಿನ್ ಮಣಿಗಳಿಗೆ ಒಂದು ಚಿಕ್ಕ ರಾಸಾಯನಿಕ ತಿದ್ದುಪಡಿ ಆಗಬೇಕು, ಅದಕ್ಕೆ ಸಿ ಜೀವಸತ್ವ ಬೇಕು. ಅದು ಸಿಗದಿದ್ದರೆ ಹುರಿ ಮೈಯ ಬಿಸಿಗೆ ಸಡಿಲವಾಗುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ. ಹಿಂದೆ ತಿಂಗಳುಗಟ್ಟಲೆ ಕಡಲಲ್ಲಿದ್ದ ನಾವಿಕರನ್ನು ಕಾಡಿದ ಸ್ಕರ್ವಿ ರೋಗ ಇದೇ. ಮಗುವಿನ ಕೈಗೆ ನೆಲ್ಲಿಕಾಯಿ, ಸೀಬೆಹಣ್ಣು ಕೊಡುವಾಗ ನೆನಪಿಡಿ. ಇನ್ನು ಮೂರಕ್ಕೊಂದರಂತೆ ಬರಬೇಕಾದ ಗ್ಲೈಸಿನ್ ಇರುವ ಜಾಗದಲ್ಲಿ, ಹುಟ್ಟಿನಿಂದಲೇ ಒಂದು ಕಡೆ ದೊಡ್ಡ ಮಣಿ ಬಂದು ಕೂತರೆ ಹುರಿ ಕೆಡುತ್ತದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಕಾಯಿಲೆ ಎಷ್ಟೋ ಮಕ್ಕಳಲ್ಲಿ ಬರುವುದು ಹೀಗೆ. ಆ ಚಿಕ್ಕ ಮಣಿ ಅಲ್ಲೇ ಇರಬೇಕು ಎಂದು ಮದ್ರಾಸಿನಲ್ಲಿ ಹೇಳಿದ ಮಾತಿನ ತೂಕ ಇಲ್ಲಿ ತಿಳಿಯುತ್ತದೆ.

ಅವರ ಮುಂದಿನ ಬದುಕನ್ನೂ ಮುಚ್ಚಿಡದೆ ಹೇಳಬೇಕು. 1970ರ ಹೊತ್ತಿಗೆ ಮದ್ರಾಸ್ ಬಿಟ್ಟು ಮತ್ತೆ ಬೆಂಗಳೂರಿಗೆ ಬಂದು, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ, ಹಲವು ದಿಕ್ಕಿನಿಂದ ತೆಗೆದ ಕ್ಷ-ಕಿರಣ ಚಿತ್ರಗಳಿಂದ ಒಳಗಿನ ರೂಪವನ್ನು ಕಟ್ಟುವ ಸುಲಭ ಲೆಕ್ಕದ ವಿಧಾನ ಕೊಟ್ಟರು. ಸಿ.ಟಿ. ಸ್ಕ್ಯಾನ್ ಲೆಕ್ಕದಲ್ಲಿ ಆ ಇಬ್ಬರ ಹೆಸರು ರಾಮ್-ಲಾಕ್ ಎಂದು ಉಳಿದಿದೆ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಬರಲಿಲ್ಲ. ಮನಸ್ಸಿನ ಅಸ್ವಾಸ್ಥ್ಯ ಅವರನ್ನು ಆಗಾಗ ಕಾಡಿತು. ಹೆಂಡತಿ ರಾಜಲಕ್ಷ್ಮಿ ಆಸರೆಯಾಗಿ ನಿಂತರು. ಆಕೆ 1998ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿತು. 1999ರಲ್ಲಿ ಹರಳು ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ ಇವಾಲ್ಡ್ ಪ್ರಶಸ್ತಿ ಕೊಟ್ಟು ಗೌರವಿಸಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು. ರೈಬೋಸೋಮಿನ ಒಳರಚನೆ ಪರಮಾಣು ಪರಮಾಣುವಾಗಿ ಪ್ರಕಟವಾಗಿದ್ದು ಅದರ ಹಿಂದಿನ ವರ್ಷ. ಆ ಕೆಲಸಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್.

ರಾಮಚಂದ್ರನ್ ಅವರ ಬದುಕಿನ ಕಷ್ಟಗಳನ್ನು ನಮ್ಮ ಮಕ್ಕಳಿಗೆ ಯಾರೂ ಬಯಸುವುದಿಲ್ಲ. ಅವರಷ್ಟು ಬುದ್ಧಿ ಎಲ್ಲ ಮಕ್ಕಳಿಗೂ ಇರಲಿ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಚಿಕ್ಕದು. ಮುಂದಿನ ಸಲ ಉತ್ತರ ಪತ್ರಿಕೆ ಮನೆಗೆ ಬಂದಾಗ, ಒಟ್ಟು ಅಂಕ ನೋಡುವುದಕ್ಕೆ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಪು ಗೆರೆ ಎಲ್ಲಿ ಬಿದ್ದಿದೆ ತೋರಿಸಲು ಹೇಳಿ. ಅದರ ಮೇಲಿನ ಹಂತದವರೆಗೆ ಎಲ್ಲವೂ ಸರಿಯಾಗಿತ್ತು ಎಂಬುದನ್ನು ಮಗುವಿನ ಬಾಯಿಂದಲೇ ಕೇಳಿ. ಅಲ್ಲಿ ಏಕೆ ತಪ್ಪಿತು ಎಂದು ಇಬ್ಬರೂ ಸೇರಿ ಹುಡುಕಿ. ನಿಮಗೆ ಲೆಕ್ಕ ಬಾರದಿದ್ದರೂ ಪರವಾಗಿಲ್ಲ, ಮಗು ನಿಮಗೆ ಬಿಡಿಸಿ ಹೇಳುವಾಗ ಅದಕ್ಕೇ ತಿಳಿಯುತ್ತದೆ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಆ ರಟ್ಟಿನ ಮಾಲೆಯನ್ನೂ ಕಟ್ಟಿ ನೋಡಿ. ಹತ್ತು ತುಂಡು ರಟ್ಟು, ಒಂದು ಮೊಳ ದಾರ, ಒಂದು ಹಿಡಿ ಹುಣಸೆಬೀಜ ಸಾಕು.